ಸೂಜಿ ಚುಚ್ಚಿದ ಬೊಂಬೆ

ಬೊಂಬೆಯೊಂದಕ್ಕೆ ಸೂಜಿ ಚುಚ್ಚಿದೊಡನೆ ದೂರದಲ್ಲಿರುವ ಹಗೆಯು ನೋವಿನಿಂದ ಚೀರುವ ದೃಶ್ಯವನ್ನು ನಾವು ಚಲಚ್ಚಿತ್ರಗಳಲ್ಲಿ ನೋಡಿದ್ದೇವೆ. ಅದಕ್ಕೆ ‘ವೂಡೂ ಬೊಂಬೆ’ ಎಂದು ಹೆಸರು. ಈ ಹೆಸರು ಎಷ್ಟರಮಟ್ಟಿಗೆ ಸರಿಯೆಂಬುದನ್ನು ವಿಚಾರಿಸೋಣ.

ವೂಡೂ ಎಂಬುದು ಮಾಟದ ಹೆಸರಲ್ಲ, ಮತದ ಹೆಸರು. ಪಶ್ಚಿಮ ಆಫ್ರಿಕದ ಫಾನ್ ಭಾಷೆಯಲ್ಲಿ ‘ವೊಡುನ್’ ಎಂದರೆ ದೈವ. ಕಬ್ಬಿನ ತೋಟಗಳ ದುಡಿಮೆಗಾಗಿ ಫ್ರೆಂಚರು ಲಕ್ಷಾಂತರ ಆಫ್ರಿಕನ್ನರನ್ನು ಗುಲಾಮರನ್ನಾಗಿ ಇಂದಿನ ಹೈಟಿಗೆ ಸಾಗಿಸಿದರು. ಅವರ ದೈವಗಳೂ ಒಡೆಯರು ಹೇರಿದ ಕ್ರೈಸ್ತಮತವೂ ಬೆರೆತು ಈ ಮತವು ರೂಪುಗೊಂಡಿತು. ವಾದ್ಯ, ಹಾಡು, ಕುಣಿತ, ಭಕ್ತರ ಮೈಮೇಲೆ ದೈವ ಬರುವುದು, ಇವೇ ಅದರ ಆರಾಧನೆಯ ಜೀವಾಳ, ಸೂಜಿಯ ಬೊಂಬೆಯಲ್ಲ.

ಹಾಗಾದರೆ ಆ ಬೊಂಬೆ ಎಲ್ಲಿಯದು? ಅದರ ಸುಳಿವು ಯೂರೋಪಿನಲ್ಲಿಯೇ ಉಂಟು. ಮಾಟಗಾತಿಯರು ಮೇಣದ ಪ್ರತಿಮೆಗಳನ್ನು ಬೆಂಕಿಗೆ ಹಿಡಿದು ಜನರನ್ನು ರೋಗದಿಂದ ಸವೆಯಿಸುವರೆಂದು ಸ್ಕಾಟ್ಲೆಂಡಿನ ದೊರೆ ಆರನೆಯ ಜೇಮ್ಸನು 1597ರ ತನ್ನ ಗ್ರಂಥದಲ್ಲಿ ಬರೆದಿದ್ದಾನೆ. ರೋಮನರ ಆಳ್ವಿಕೆಯ ಈಜಿಪ್ಟಿನಲ್ಲಿ ಮಾಡಿದ, 13 ಸೂಜಿಗಳನ್ನು ಚುಚ್ಚಿದ ಮಣ್ಣಿನ ಸ್ತ್ರೀಪ್ರತಿಮೆಯೊಂದು ಪ್ಯಾರಿಸಿನ ಲೂವ್ರ್ ಸಂಗ್ರಹಾಲಯದಲ್ಲಿದೆ. ಅದರೊಡನೆ ದೊರೆತ ಸೀಸದ ತಗಡಿನ ಬರಹದಂತೆ ಅದು ಕೊಲ್ಲುವುದಕ್ಕಲ್ಲ, ಹೆಣ್ಣೊಬ್ಬಳ ಒಲವನ್ನು ಸೆಳೆಯುವುದಕ್ಕೆ ಮಾಡಿದುದು! ಪ್ರತಿಕೃತಿಗೆ ಮಾಡಿದುದು ಮೂಲಕ್ಕೂ ತಟ್ಟುವುದೆಂಬ ನಂಬಿಕೆಗೆ ಒಂದೇ ತವರೂರಿಲ್ಲ.

ಆಫ್ರಿಕದಲ್ಲಿಯೂ ಮೊಳೆ ಬಡಿದ ವಿಗ್ರಹಗಳಿವೆ. ಕಾಂಗೋ ಪ್ರದೇಶದ ‘ನ್ಕಿಸಿ ನ್ಕೊಂಡಿ’ ಎಂಬ ಮರದ ವಿಗ್ರಹದ ಮೈತುಂಬ ಕಬ್ಬಿಣದ ಮೊಳೆಗಳು. ಆದರೆ ಅವುಗಳ ಅರ್ಥ ಬೇರೆ. ವ್ಯಾಜ್ಯವು ತೀರಿ ಎರಡು ಪಕ್ಷದವರು ಆಣೆಯಿಟ್ಟಾಗ ಅದರ ಸಾಕ್ಷಿಗಾಗಿ ಮೊಳೆ ಬಡಿಯುತ್ತಿದ್ದರು; ಮಾತಿಗೆ ತಪ್ಪಿದವನನ್ನು ವಿಗ್ರಹದ ಶಕ್ತಿ ಬೆನ್ನಟ್ಟುವುದೆಂದು ನಂಬಿದ್ದರು. ನಮ್ಮ ಕರಾರುಪತ್ರದ ಮೊಹರಿನಂತೆ ಆ ಮೊಳೆ. ಅವಳಿಮಕ್ಕಳ ಹೆರಿಗೆ ಹೆಚ್ಚಾಗಿರುವ ನೈಜೀರಿಯದ ಯೊರುಬರಲ್ಲಿ, ಅವಳಿಗಳಲ್ಲೊಂದು ತೀರಿಕೊಂಡರೆ ‘ಇಬೇಜಿ’ ಎಂಬ ಮರದ ಬೊಂಬೆಯನ್ನು ಕೆತ್ತಿಸುವ ಸಂಪ್ರದಾಯವುಂಟು. ತಾಯಿ ಅದನ್ನು ಮೀಯಿಸಿ, ಉಡಿಸಿ, ಅದಕ್ಕೆ ಉಣಿಸನ್ನಿಡುತ್ತಾಳೆ. ಇಲ್ಲಿ ಹಗೆಯೆಲ್ಲಿ?

ತಪ್ಪು ಹೆಸರು ಅಂಟಿದುದಕ್ಕೆ ಕಾರಣವುಂಟು. ಹೈಟಿಯ ಗುಲಾಮರು 1791ರಲ್ಲಿ ದಂಗೆಯೆದ್ದರು. 1804ರಲ್ಲಿ ನಾಡು ಸ್ವತಂತ್ರವಾಯಿತು. ಅಂದಿನಿಂದ ಅವರ ಮತವು ಬಿಳಿಯರಿಗೆ ಭಯದ ವಸ್ತುವಾಯಿತು. 1915ರಿಂದ 1934ರವರೆಗೆ ಅಮೆರಿಕದ ಸೇನೆ ಅಲ್ಲಿದ್ದಾಗ ಸೀಬ್ರೂಕನ ‘ದಿ ಮ್ಯಾಜಿಕ್ ಐಲೆಂಡ್’ ಪುಸ್ತಕವೂ (1929) ‘ವೈಟ್ ಜೋಂಬಿ’ ಚಿತ್ರವೂ (1932) ಆ ಭಯವನ್ನು ಲೋಕಕ್ಕೆ ಹರಡಿದವು. 1941-42ರಲ್ಲಿ ಹೈಟಿಯಲ್ಲಿಯೇ ‘ಮೂಢನಂಬಿಕೆ’ಯ ವಿರುದ್ಧ ಚಳವಳಿ ನಡೆದು ಪೂಜಾವಸ್ತುಗಳು ಬೆಂಕಿಗೆ ಬಿದ್ದವು. ಸರ್ಕಾರವು ಆ ಮತಕ್ಕೆ ಮನ್ನಣೆಯಿತ್ತುದು 2003ರಲ್ಲಿ.

ಸೂಜಿಯಿಂದ ದೂರದವನಿಗೆ ನೋವಾಗದು. ಆದರೆ ಒಂದು ಜನಾಂಗದ ದೈವಕ್ಕೆ ಮಾಟವೆಂದು ಹೆಸರಿಟ್ಟರೆ ನಿಜವಾಗಿಯೂ ನೋವಾಗುತ್ತದೆ.