ಮಳೆಗಾಲಕ್ಕೆ ಮುನ್ನ ದೋಣಿಯ ಎಂಜಿನ್ನಿನ ಆರೈಕೆ

ಉತ್ತರ ಕನ್ನಡ ಜಿಲ್ಲೆಯ ಅಘನಾಶಿನಿ ಹಾಗೂ ಅದರ ನೆರೆಯ ನದಿಗಳ ಅಳಿವೆ ಪ್ರದೇಶಗಳಲ್ಲಿ ಬೇಸಾಯ ಮತ್ತು ದೋಣಿ ಎರಡನ್ನೂ ನಂಬಿ ಬದುಕುವ ಕುಟುಂಬಗಳು ಅನೇಕ. ಮಳೆಗಾಲದಲ್ಲಿ ಗಜನಿ ಗದ್ದೆಯಲ್ಲಿ ಕಗ್ಗ ಭತ್ತ, ಕೊಯ್ಲಿನ ನಂತರ ಅದೇ ಗದ್ದೆಯಲ್ಲಿ ಸಿಗಡಿ ಮತ್ತು ಮೀನು, ಜೊತೆಗೆ ಹೊಳೆಯಲ್ಲಿ ಬಲೆ, ಬಳಚು. ಇಂತಹ ಕುಟುಂಬಗಳ ದೋಣಿಗಳಿಗೆ ಹುಟ್ಟಿನ ಜೊತೆಗೆ ಈಗ 10 ಅಶ್ವಶಕ್ತಿಯೊಳಗಿನ ಔಟ್‌ಬೋರ್ಡ್ ಎಂಜಿನ್ ಬಂದಿದೆ. ಕರ್ನಾಟಕದಲ್ಲಿ ಜೂನ್ 1ರಿಂದ ಜುಲೈ 31ರವರೆಗಿನ 61 ದಿನಗಳ ಮೀನುಗಾರಿಕೆ ನಿಷೇಧದಿಂದ 10 ಅಶ್ವಶಕ್ತಿಯವರೆಗಿನ ನಾಡದೋಣಿಗಳಿಗೆ ವಿನಾಯಿತಿ ಇದೆಯಾದರೂ, ಬಿತ್ತನೆಯ ಕೆಲಸ ಕರೆಯುವುದರಿಂದ ಮತ್ತು ಹೊಳೆ ತುಂಬಿ ಹರಿಯುವುದರಿಂದ ಗದ್ದೆಯುಳ್ಳವರು ಎಂಜಿನ್ ಬಿಚ್ಚಿ ಮೂಲೆಗಿಡುವುದೇ ಹೆಚ್ಚು.

ಈ ಮೂಲೆಗಿಡುವ ರೀತಿಯಲ್ಲಿಯೇ ತೊಂದರೆ ಇರುವುದು. ಮೇ ಕೊನೆಯಲ್ಲಿ ಚೆನ್ನಾಗಿ ಓಡುತ್ತಿದ್ದ ಎಂಜಿನ್ ಮಳೆ ಕಡಿಮೆಯಾದ ಮೇಲೆ ಹಗ್ಗ ಎಳೆದರೆ ಅಲುಗುವುದಿಲ್ಲ. ಇಲ್ಲವೇ ಹೊತ್ತಿಕೊಂಡು ಅರ್ಧ ದಾರಿಯಲ್ಲಿ ನಿಲ್ಲುತ್ತದೆ. ಅಳಿವೆಯ ಬಾಯಲ್ಲಿ ಇಳಿತದ ಸೆಳೆತವಿರುವಾಗ ಎಂಜಿನ್ ನಿಂತರೆ ಹೋಗುವುದು ರಿಪೇರಿಯ ಹಣ ಮಾತ್ರವಲ್ಲ, ದೋಣಿಯಲ್ಲಿರುವವರ ಪ್ರಾಣಕ್ಕೇ ಅಪಾಯ.

ಕೈಪಿಡಿಯ ಆ ಪುಟಗಳು

ಎಂಜಿನ್ನಿನ ಜೊತೆ ಬರುವ ಕೈಪಿಡಿಗಳಲ್ಲಿ ದೀರ್ಘಕಾಲ ಇಡುವ ಕ್ರಮವನ್ನು ಹೇಳುವ ಕೆಲವು ಪುಟಗಳಿರುತ್ತವೆ. ಕೆನಡಾ, ಸ್ವೀಡನ್‌ಗಳಂತಹ ಚಳಿನಾಡುಗಳಲ್ಲಿ ಇದು ಪ್ರತಿ ದೋಣಿಯವನೂ ಚಳಿಗಾಲದ ಮೊದಲು ಮಾಡಿಕೊಳ್ಳುವ ಕೆಲಸ. ನೀರು ಹೆಪ್ಪುಗಟ್ಟಿದಾಗ ಅದರ ಗಾತ್ರ ಸುಮಾರು ಶೇಕಡಾ 9ರಷ್ಟು ಹಿಗ್ಗುತ್ತದೆ. ಎಂಜಿನ್ನಿನೊಳಗೆ ಅಥವಾ ಗೇರ್ ಪೆಟ್ಟಿಗೆಯೊಳಗೆ ನೀರು ಉಳಿದಿದ್ದರೆ ಎರಕದ ಲೋಹ ಸೀಳಿಹೋಗುತ್ತದೆ. ನಮ್ಮ ಕರಾವಳಿಯಲ್ಲಿ ಹೆಪ್ಪುಗಟ್ಟುವ ಮಾತಿಲ್ಲ. ಆದ್ದರಿಂದ ಆ ಪುಟಗಳು ನಮಗಲ್ಲವೆಂದು ಬಿಟ್ಟುಬಿಡುವವರೇ ಬಹಳ. ಇದು ಸರಿಯಲ್ಲ. ಅಲ್ಲಿ ಹಿಮ ಮಾಡುವ ಹಾನಿಯನ್ನು ಇಲ್ಲಿ ಉಪ್ಪು ಮತ್ತು ಮಳೆಗಾಲದ ತೇವ ಸೇರಿ ಮಾಡುತ್ತವೆ. ಉಪ್ಪು ಗಾಳಿಯ ತೇವವನ್ನು ಎಳೆದುಕೊಂಡು ಸದಾ ಒದ್ದೆಯಾಗಿರುತ್ತದೆ. ಆ ಒದ್ದೆಯಲ್ಲಿ ಅಲ್ಯುಮಿನಿಯಂ ಬಿಳಿ ಪುಡಿಯಾಗುತ್ತದೆ, ಉಕ್ಕು ತುಕ್ಕಾಗುತ್ತದೆ. ಚಳಿನಾಡಿನವರು ಮಾಡುವ ಕೆಲಸವನ್ನೇ ನಾವು ಮೇ ತಿಂಗಳ ಕೊನೆಯ ವಾರದಲ್ಲಿ, ಒಣ ಹವೆ ಇರುವಾಗಲೇ ಮಾಡಿ ಮುಗಿಸತಕ್ಕದ್ದು. ಮಾಮೂಲಿ ಪಾನಾಗಳಿದ್ದರೆ ಅರ್ಧ ದಿನದ ಕೆಲಸ, ಮೆಕ್ಯಾನಿಕ್ ಬೇಕಿಲ್ಲ.

ಮೊದಲು ಸಿಹಿನೀರು

ಔಟ್‌ಬೋರ್ಡ್ ಎಂಜಿನ್ ಹೊಳೆಯ ನೀರನ್ನೇ ಹೀರಿಕೊಂಡು ತನ್ನ ಮೈ ತಣಿಸಿಕೊಳ್ಳುತ್ತದೆ. ಹೀಗೆ ಹರಿದ ಉಪ್ಪುನೀರು ಒಳಗಿನ ಕಿರಿದಾದ ದಾರಿಗಳಲ್ಲಿ ಒಣಗಿ ಹರಳುಗಟ್ಟುತ್ತದೆ. ಇದನ್ನು ತೆಗೆಯಲು ಪ್ರೊಪೆಲ್ಲರನ್ನು ಬಿಚ್ಚಿಟ್ಟು, ಎಂಜಿನ್ನನ್ನು ಗಟ್ಟಿಯಾದ ಹಲಗೆಗೆ ಬಿಗಿದು, ಅದರ ಕಾಲು ದೊಡ್ಡ ಪ್ಲಾಸ್ಟಿಕ್ ಡ್ರಮ್ಮಿನ ನೀರಿನಲ್ಲಿ ಮುಳುಗುವಂತೆ ನಿಲ್ಲಿಸಬೇಕು. ಪ್ರೊಪೆಲ್ಲರಿನ ಮೇಲ್ಭಾಗದಲ್ಲಿ ಅಡ್ಡಲಾಗಿ ಚಾಚಿರುವ ಚಪ್ಪಟೆ ತಟ್ಟೆ ಪೂರ್ತಿ ಮುಳುಗುವಷ್ಟು ನೀರಿರಲಿ. ನ್ಯೂಟ್ರಲ್‌ನಲ್ಲಿಟ್ಟು ನಿಧಾನ ವೇಗದಲ್ಲಿ ಕನಿಷ್ಠ 10 ನಿಮಿಷ ಓಡಿಸಿರಿ. ಬೇಗ ನಿಲ್ಲಿಸಿದರೆ ಪ್ರಯೋಜನವಿಲ್ಲ. ಎಂಜಿನ್ ಬಿಸಿಯಾಗಿ ಒಳಗಿನ ಥರ್ಮೋಸ್ಟಾಟ್ ತೆರೆದ ಮೇಲೆಯೇ ನೀರು ಎಲ್ಲ ದಾರಿಗಳಿಗೂ ಹರಿಯುವುದು. ಹಿಂಬದಿಯ ಸಣ್ಣ ರಂಧ್ರದಿಂದ ನೀರು ಸತತವಾಗಿ ಚಿಮ್ಮುತ್ತಿರಬೇಕು. ನೀರಿಲ್ಲದೆ ಅರೆಕ್ಷಣವೂ ಓಡಿಸಕೂಡದು, ಪಂಪಿನ ರಬ್ಬರ್ ಚಕ್ರ ಸುಟ್ಟುಹೋಗುತ್ತದೆ.

ಇಲ್ಲಿ ಒಂದು ಮಾತು. ಮೇ ತಿಂಗಳಲ್ಲಿ ಹೊಳೆದಂಡೆಯ ಬಾವಿಗಳ ನೀರೂ ಉಪ್ಪಾಗಿರುವುದುಂಟು. ಡ್ರಮ್ಮಿಗೆ ತುಂಬುವ ಮುನ್ನ ನಾಲಿಗೆಗೆ ಹಚ್ಚಿ ನೋಡಿರಿ. ಉಪ್ಪೆನಿಸಿದರೆ ಎತ್ತರದ ಜಾಗದ ಬಾವಿಯಿಂದ ತರಿಸುವುದು ಲೇಸು. ನೀರು ಬಿಸಿಯಾಗಿ ಉಪ್ಪು ಬಿಟ್ಟ ಮೇಲೆ ಒಮ್ಮೆ ಬದಲಿಸಿ ಮತ್ತೆ ಓಡಿಸಿದರೆ ಇನ್ನೂ ಉತ್ತಮ. ಈ ಕೆಲಸ ಅಂಗಳದಲ್ಲಿ ನಡೆಯಲಿ, ಕೊಟ್ಟಿಗೆಯೊಳಗೆ ಬೇಡ. ಹೊಗೆಯಲ್ಲಿನ ವಿಷಾನಿಲಕ್ಕೆ ಬಣ್ಣ ವಾಸನೆಗಳಿಲ್ಲ.

ಇಂಧನ ಖಾಲಿ, ಎಣ್ಣೆ ಒಳಗೆ

ಸೀಮೆಎಣ್ಣೆಯ ಎಂಜಿನ್ನಾದರೆ ಈ ತೊಳೆತದ ಹೊತ್ತಿನಲ್ಲಿ ಪೆಟ್ರೋಲಿಗೆ ಬದಲಾಯಿಸಿ ಓಡಿಸಿರಿ. ಸೀಮೆಎಣ್ಣೆ ಕಾರ್ಬ್ಯುರೇಟರಿನಲ್ಲಿ ಉಳಿದರೆ ಮತ್ತೆ ಹೊತ್ತಿಸುವುದು ಕಷ್ಟ. ಹಾಗೆಂದು ಪೆಟ್ರೋಲನ್ನೂ ಉಳಿಸುವಂತಿಲ್ಲ. ಇಂದು ಬಂಕ್‌ಗಳಲ್ಲಿ ಸಿಗುವ ಪೆಟ್ರೋಲಿನಲ್ಲಿ ಶೇಕಡಾ 20ರವರೆಗೆ ಎಥನಾಲ್ ಬೆರೆತಿರುತ್ತದೆ. ಎಥನಾಲ್ ಗಾಳಿಯ ತೇವವನ್ನು ಹೀರುತ್ತದೆ. ನೀರು ಮಿತಿ ಮೀರಿದಾಗ ನೀರು ಮತ್ತು ಎಥನಾಲ್ ಒಂದಾಗಿ ಪೆಟ್ರೋಲಿನಿಂದ ಬೇರ್ಪಟ್ಟು ತಳಕ್ಕಿಳಿಯುತ್ತವೆ. ಕಾರ್ಬ್ಯುರೇಟರಿನ ಬಟ್ಟಲಿನ ತಳದಲ್ಲಿ ಕುಳಿತ ಈ ದ್ರವ ಲೋಹವನ್ನು ತಿನ್ನುತ್ತದೆ, ಸೂಜಿಮೊನೆಯಷ್ಟಿರುವ ಜೆಟ್ಟುಗಳು ಮುಚ್ಚಿಹೋಗುತ್ತವೆ.

ಆದ್ದರಿಂದ ಎಂಜಿನ್ ಓಡುತ್ತಿರುವಾಗಲೇ ಇಂಧನದ ಕೊಳವೆಯನ್ನು ಕಳಚಿರಿ. ಬಟ್ಟಲಿನಲ್ಲಿದ್ದದ್ದು ಮುಗಿಯುತ್ತಾ ಬಂದು ಎಂಜಿನ್ ತಡವರಿಸತೊಡಗಿದಾಗ, ಎಣ್ಣೆ ಸಿಂಪಡಿಸುವ ಡಬ್ಬಿಯಿಂದ ಕಾರ್ಬ್ಯುರೇಟರಿನ ಬಾಯಿಗೆ ಸಿಂಪಡಿಸಬೇಕು. ದಟ್ಟ ಹೊಗೆ ಬಂದು ಎಂಜಿನ್ ತಾನೇ ನಿಲ್ಲುತ್ತದೆ. ಬಳಿಕ ಬಟ್ಟಲಿನ ತಳದ ತಿರುಪು ಸಡಿಲಿಸಿ ಉಳಿದ ಹನಿಗಳನ್ನೂ ಇಳಿಸಿರಿ.

ಸಿಂಪಡಿಸುವ ಡಬ್ಬಿ ನಮ್ಮ ಪೇಟೆಗಳಲ್ಲಿ ಎಲ್ಲೆಡೆ ದೊರೆಯದು. ದೊರೆಯದಿದ್ದರೆ ಸ್ಪಾರ್ಕ್ ಪ್ಲಗ್ಗುಗಳನ್ನು ಬಿಚ್ಚಿ ಪ್ರತಿ ಸಿಲಿಂಡರಿಗೆ ಎರಡು ಚಮಚದಷ್ಟು ಶುದ್ಧ 2ಟಿ ಎಣ್ಣೆ ಹಾಕಿ, ಹಗ್ಗವನ್ನು ನಿಧಾನವಾಗಿ ಐದಾರು ಬಾರಿ ಎಳೆಯಿರಿ. ಎಳೆಯುವಾಗ ಪ್ಲಗ್ಗುಗಳು ಹೊರಗೇ ಇರಲಿ. ತುರ್ತು ನಿಲುಗಡೆಯ ಕ್ಲಿಪ್ಪನ್ನು ತೆಗೆದಿಟ್ಟೇ ಎಳೆಯಿರಿ. ಇಲ್ಲವಾದರೆ ಬಿಚ್ಚಿದ ತಂತಿಯ ಕಿಡಿಗೆ ಪೆಟ್ರೋಲಿನ ಆವಿ ಹೊತ್ತಿಕೊಂಡೀತು. ಆನಂತರ ಪ್ಲಗ್ಗುಗಳನ್ನು ಕೈಯಿಂದಲೇ ತಿರುಗಿಸಿ ಕೂರಿಸಿ, ಕೊನೆಗೆ ಪಾನಾದಿಂದ ಬಿಗಿಯಿರಿ. ನಾಲ್ಕು ಸ್ಟ್ರೋಕಿನ ಎಂಜಿನ್ನಾದರೆ ಅದರ ಹಳೆಯ ಎಣ್ಣೆಯನ್ನು ಬಿಸಿ ಇರುವಾಗಲೇ ಇಳಿಸಿ ಹೊಸದು ಹಾಕಬೇಕು. ಹಳೆಯ ಎಣ್ಣೆಯಲ್ಲಿ ಆಮ್ಲ ಮತ್ತು ತೇವಾಂಶಗಳಿರುವುದರಿಂದ ಅದನ್ನು ತಿಂಗಳುಗಟ್ಟಲೆ ಒಳಗೆ ಬಿಡಬಾರದು.

ಗೇರ್ ಪೆಟ್ಟಿಗೆ

ಎಲ್ಲಕ್ಕಿಂತ ಹೆಚ್ಚು ಅಲಕ್ಷ್ಯಕ್ಕೊಳಗಾದ ಭಾಗ ಇದು. ಆದರೆ ಎಂಜಿನ್ನಿನ ಆರೋಗ್ಯವನ್ನು ತಿಳಿಸುವುದೂ ಇದೇ. ನೀರೊಳಗಿನ ಈ ಪೆಟ್ಟಿಗೆಗೆ ಎರಡು ತಿರುಪುಗಳಿರುತ್ತವೆ, ಕೆಳಗೊಂದು, ಮೇಲೊಂದು. ಅಗಲ ಪಾತ್ರೆಯನ್ನಿಟ್ಟು ಕೆಳಗಿನದನ್ನು ಬಿಚ್ಚಿ, ಬಳಿಕ ಮೇಲಿನದನ್ನು ಬಿಚ್ಚಿದರೆ ಗಾಳಿಯಾಡಿ ಎಣ್ಣೆ ಪೂರ್ತಿ ಇಳಿಯುತ್ತದೆ. ಈ ಎಣ್ಣೆಯನ್ನು ಬೆಳಕಿಗೆ ಹಿಡಿದು ನೋಡಿರಿ. ಕಪ್ಪಾಗಿದ್ದರೆ ಚಿಂತೆಯಿಲ್ಲ. ಹಾಲು ಬೆರೆಸಿದ ಚಹದಂತಿದ್ದರೆ ಅಥವಾ ಮೊದಲಿಗೆ ನೀರಿನ ಹನಿಗಳು ಬಿದ್ದರೆ ಸೀಲಿನ ಮೂಲಕ ನೀರು ಒಳಹೊಕ್ಕಿದೆ ಎಂದರ್ಥ. ತಿರುಪಿಗೆ ಅಂಟಿದ ಬೂದಿಯಂತಹ ಪುಡಿ ಸಹಜವಾದುದು. ಲೋಹದ ಚೂರುಗಳು ಕಂಡರೆ ಹಲ್ಲು ಮುರಿದಿರಬಹುದು. ಇಂತಹ ಎಂಜಿನ್ನನ್ನು ಮೆಕ್ಯಾನಿಕ್‌ನ ಬಳಿಗೆ ಜೂನ್‌ನಲ್ಲಿಯೇ ಒಯ್ಯಿರಿ. ಆಗಸ್ಟ್ ಹೊತ್ತಿಗೆ ಅಲ್ಲಿ ಸಾಲು ನಿಂತಿರುತ್ತದೆ, ಅಷ್ಟರಲ್ಲಿ ಬೇರಿಂಗುಗಳೂ ತುಕ್ಕು ಹಿಡಿದಿರುತ್ತವೆ.

ಸೀಲು ಕೆಡುವುದು ಬಹುತೇಕ ನಮ್ಮದೇ ಬಲೆಯ ನೂಲಿನಿಂದ. ಹರಿದ ನೈಲಾನ್ ಎಳೆಗಳು ಪ್ರೊಪೆಲ್ಲರಿನ ಹಿಂದೆ ದಂಡಕ್ಕೆ ಸುತ್ತಿಕೊಂಡು, ತಿರುಗುವ ಬಿಸಿಗೆ ಕರಗಿ ಗಟ್ಟಿಯಾಗಿ, ಸೀಲಿನ ಅಂಚನ್ನು ಕೊಯ್ಯುತ್ತವೆ. ಹೊರಗಿನಿಂದ ಇದು ಕಾಣುವುದಿಲ್ಲ. ಪ್ರೊಪೆಲ್ಲರ್ ಹೇಗೂ ಬಿಚ್ಚಿದೆಯಾದ್ದರಿಂದ ದಂಡದ ಬುಡವನ್ನು ಉಗುರಿನಿಂದ ಸವರಿ ನೋಡಿ, ಎಳೆಗಳಿದ್ದರೆ ಬಿಡಿಸಿ, ಗ್ರೀಸ್ ಹಚ್ಚಿರಿ.

ಹೊಸ ಎಣ್ಣೆ ತುಂಬುವುದು ಕೆಳಗಿನ ರಂಧ್ರದಿಂದಲೇ. ಮೇಲಿನಿಂದ ಸುರಿದರೆ ಒಳಗೆ ಗಾಳಿ ಸಿಕ್ಕಿಕೊಂಡು ಎಣ್ಣೆ ಪೂರ್ತಿ ತುಂಬದು. 90 ದರ್ಜೆಯ ಹೈಪಾಯ್ಡ್ ಗೇರ್ ಎಣ್ಣೆಯನ್ನು ಕೆಳಗಿನಿಂದ ಒತ್ತುತ್ತಾ ಹೋಗಿ, ಮೇಲಿನ ರಂಧ್ರದಲ್ಲಿ ಗುಳ್ಳೆಯಿಲ್ಲದೆ ಎಣ್ಣೆ ಕಾಣಿಸಿಕೊಂಡಾಗ ಮೊದಲು ಮೇಲಿನ ತಿರುಪನ್ನು ಬಿಗಿದು, ಬಳಿಕ ಕೊಳವೆ ತೆಗೆದು ಥಟ್ಟನೆ ಕೆಳಗಿನದನ್ನು ಹಾಕಿರಿ. ವಾಶರುಗಳು ಹೊಸವೇ ಇರಲಿ. ಕೆಲವು ರೂಪಾಯಿಗಳ ವಾಶರ್ ಉಳಿಸಲು ಹೋಗಿ ಲಕ್ಷ ರೂಪಾಯಿಯ ಎಂಜಿನ್ನಿಗೆ ನೀರು ಬಿಡುವುದು ಯಾವ ಲೆಕ್ಕ?

ಇಡುವ ಜಾಗ

ಹೊರಮೈ ತೊಳೆದು, ಒರೆಸಿ, ಗ್ರೀಸ್ ಮೊಳೆಗಳಿಗೆ ಹಳೆಯ ಗ್ರೀಸ್ ಹೊರಬರುವವರೆಗೆ ಹೊಸದನ್ನು ಒತ್ತಿರಿ. ಕಾಲಿನ ಬಳಿ ಒರಟಾದ ಸಣ್ಣ ಸತುವಿನ ತುಂಡೊಂದು ಇರುತ್ತದೆ. ಉಪ್ಪುನೀರಿನಲ್ಲಿ ಅಲ್ಯುಮಿನಿಯಂ ಸವೆಯುವ ಬದಲು ತಾನು ಸವೆಯುವುದೇ ಅದರ ಕೆಲಸ. ಅರ್ಧಕ್ಕಿಂತ ಹೆಚ್ಚು ಸವೆದಿದ್ದರೆ ಬದಲಿಸಿರಿ. ಅಂದಕ್ಕಾಗಿ ಅದರ ಮೇಲೂ ಬಣ್ಣ ಬಳಿದರೆ ಅದು ಇದ್ದೂ ಇಲ್ಲದಂತೆ.

ಎಂಜಿನ್ನನ್ನು ನೆಟ್ಟಗೆ ನಿಲ್ಲಿಸಿಯೇ ಇಡತಕ್ಕದ್ದು. ಎರಡು ಗೂಟಗಳಿಗೆ ದಪ್ಪ ಹಲಗೆ ಹೊಡೆದರೆ ಸಾಕು. ತಲೆ ತಗ್ಗಾಗಿ ಮಲಗಿಸಿದರೆ ಹೊಗೆದಾರಿಯಲ್ಲಿ ಉಳಿದ ನೀರು ಸಿಲಿಂಡರಿಗಿಳಿದು, ಅಷ್ಟೊತ್ತು ಪಟ್ಟ ಶ್ರಮ ವ್ಯರ್ಥ. ಪ್ಲಾಸ್ಟಿಕ್ ಹಾಳೆಯಲ್ಲಿ ಬಿಗಿಯಾಗಿ ಸುತ್ತಬೇಡಿರಿ, ಒಳಗೆ ಬೆವರುತ್ತದೆ. ಹಳೆಯ ಹತ್ತಿ ಬಟ್ಟೆ ಹೊದಿಸಿದರೆ ಗಾಳಿಯೂ ಆಡುತ್ತದೆ, ಧೂಳೂ ಕೂರದು.

ಬೇಸಾಯಶಾಸ್ತ್ರದವನಾಗಿ ಹೇಳಲೇಬೇಕಾದ ಮಾತೊಂದಿದೆ. ನಮ್ಮ ಮನೆಗಳಲ್ಲಿ ಎಂಜಿನ್, ಪಂಪ್‌ಸೆಟ್, ಗೊಬ್ಬರ ಎಲ್ಲವೂ ಒಂದೇ ಕೋಣೆಯಲ್ಲಿರುತ್ತವೆ. ಮಳೆಗಾಲದಲ್ಲಿ ಯೂರಿಯ ತೇವ ಹೀರಿ ಒಸರುತ್ತದೆ; ಮ್ಯೂರಿಯೇಟ್ ಆಫ್ ಪೊಟ್ಯಾಷ್ ಎಂಬುದು ಕ್ಲೋರೈಡ್ ಲವಣ, ಲೋಹಕ್ಕೆ ಸಮುದ್ರದ ಉಪ್ಪಿನಷ್ಟೇ ಶತ್ರು. ದನದ ಕೊಟ್ಟಿಗೆಯೂ ಆಗದು, ಗಂಜಳದಿಂದೇಳುವ ಅಮೋನಿಯಾ ತಾಮ್ರ, ಹಿತ್ತಾಳೆಗಳನ್ನು ಕೆಡಿಸುತ್ತದೆ. ಜಗಲಿಯ ಒಣ ಮೂಲೆಯೇ ವಾಸಿ. ಇಂಧನದ ತೊಟ್ಟಿಯನ್ನು ಖಾಲಿ ಮಾಡಿ, ಒಣಗಿಸಿ, ಅಡುಗೆ ಒಲೆಯಿಂದ ದೂರವಿಡಿರಿ. ಎಣ್ಣೆ ಬೆರೆಸದ ಪೆಟ್ರೋಲ್ ಉಳಿದಿದ್ದರೆ ಮೋಟಾರ್ ಸೈಕಲ್ಲಿಗೆ ಹಾಕಿ ಮುಗಿಸಬಹುದು. ಸೀಮೆಎಣ್ಣೆ ಪಂಪ್‌ಸೆಟ್ ಮತ್ತು ಅಡಿಕೆ ತೋಟದ ಸಿಂಪರಣಾ ಯಂತ್ರಗಳಿಗೂ ಇಂಧನ ಖಾಲಿ ಮಾಡಿ ಸಿಲಿಂಡರಿಗೆ ಎಣ್ಣೆ ಬಿಡುವ ಕ್ರಮ ಹೀಗೆಯೇ.

ಎಣ್ಣೆ ಬಿಟ್ಟು ನಿಲ್ಲಿಸಿದ ಎಂಜಿನ್ನಿನ ಹಗ್ಗವನ್ನು ಮಧ್ಯೆ ಯಾರೂ ಎಳೆಯದಂತೆ ನೋಡಿಕೊಳ್ಳಿರಿ. ಮಕ್ಕಳಿಗೆ ಇದು ಆಟ. ಪ್ರತಿ ಎಳೆತಕ್ಕೂ ಗೋಡೆಯ ಮೇಲಿನ ಎಣ್ಣೆಪೊರೆ ಒರೆಸಿಹೋಗಿ ತೇವದ ಗಾಳಿ ಒಳಗೆ ಬರುತ್ತದೆ.

ಮತ್ತೆ ನೀರಿಗಿಳಿಸುವಾಗ ಹೊಸ ಇಂಧನ ಹಾಕಿ, ಪ್ಲಗ್ಗುಗಳನ್ನು ಒರೆಸಿ ಅಥವಾ ಬದಲಿಸಿ, ಮೊದಲು ಡ್ರಮ್ಮಿನಲ್ಲಿಯೇ ಹೊತ್ತಿಸಿರಿ. ಒಳಗಿನ ಎಣ್ಣೆ ಉರಿದು ಕೆಲವು ನಿಮಿಷ ಬಿಳಿ ಹೊಗೆ ಬರುವುದು ಸಹಜ. ನೀರು ಚಿಮ್ಮದಿದ್ದರೆ ತಕ್ಷಣ ನಿಲ್ಲಿಸಿ ಪಂಪಿನ ರಬ್ಬರ್ ಚಕ್ರವನ್ನು ನೋಡಿಸಿರಿ. ಬಳಿಕ ಪ್ರೊಪೆಲ್ಲರ್ ಜೋಡಿಸಿ, ಹುಟ್ಟನ್ನು ದೋಣಿಯಲ್ಲಿಟ್ಟುಕೊಂಡು, ಒಳಹೊಳೆಯಲ್ಲಿ ಒಂದೆರಡು ದಿನ ಓಡಿಸಿ ನೋಡಿದ ನಂತರವೇ ಅಳಿವೆಯತ್ತ ಹೋಗುವುದು.