ತಡೆದವನ ಕೀರ್ತಿ

ಕಾಲ್ಚೆಂಡಿನ ಆಟದಲ್ಲಿ ಗೋಲು ಹೊಡೆದವನ ಹೆಸರನ್ನು ಊರೆಲ್ಲ ಕೊಂಡಾಡುತ್ತದೆ. ಗೋಲಾಗದಂತೆ ತಡೆದವನ ಹೆಸರನ್ನು ಬಲ್ಲವರು ಮಾತ್ರ ನೆನೆಯುತ್ತಾರೆ. ಹೊಡೆದದ್ದು ಲೆಕ್ಕದ ಪುಸ್ತಕವನ್ನು ಸೇರುತ್ತದೆ; ತಡೆದದ್ದಕ್ಕೆ ಅಲ್ಲಿ ಅಂಕಣವೇ ಇಲ್ಲ. ಆಗಬಹುದಾಗಿದ್ದ ಕೇಡು ಆಗಲಿಲ್ಲವೆಂಬುದೇ ರಕ್ಷಕನ ಸಾಧನೆ. ಹೀಗೆ ಇಪ್ಪತ್ತು ವರ್ಷ ತಡೆಯುತ್ತಲೇ ನಿಂತವನೊಬ್ಬನ ಚರಿತೆಯನ್ನು ವಾಚಕರ ಮುಂದಿಡಬೇಕೆಂದು ನನಗೆ ಬಹುಕಾಲದ ಆಸೆ. ಆತ ಸ್ಕಾಟ್ಲೆಂಡಿನ ಡ್ಯಾನಿ ಮೆಗ್ರೇನ್.

ಮೆಗ್ರೇನ್ ಹುಟ್ಟಿದ್ದು 1950ರ ಮೇ 1ರಂದು, ಗ್ಲಾಸ್ಗೋ ನಗರದಲ್ಲಿ. ಆ ನಗರದವರಿಗೆ ಕಾಲ್ಚೆಂಡು ಬರಿಯ ಆಟವಲ್ಲ. ಮನೆತನದ, ಮತದ ಪ್ರಶ್ನೆ. ಸೆಲ್ಟಿಕ್ ತಂಡದ ಕಡೆಯವರಲ್ಲಿ ಬಹುಮಂದಿ ಐರಿಷ್ ಮೂಲದ ಕ್ಯಾಥೊಲಿಕರು; ರೇಂಜರ್ಸ್ ತಂಡದ ಕಡೆಯವರು ಬಹುಪಾಲು ಪ್ರಾಟೆಸ್ಟೆಂಟರು. ಮೆಗ್ರೇನ್ ಪ್ರಾಟೆಸ್ಟೆಂಟರ ಮನೆಯ ಹುಡುಗ; ರೇಂಜರ್ಸ್ ತಂಡದ ಅಭಿಮಾನಿ. ಆದರೆ ಆ ತಂಡಕ್ಕಾಗಿ ಎಳೆಯ ಆಟಗಾರರನ್ನು ಅರಸುತ್ತಿದ್ದವನೊಬ್ಬ, ಡ್ಯಾನಿಯೆಲ್ ಫರ್ಗಸ್ ಮೆಗ್ರೇನ್ ಎಂಬ ಹೆಸರು ಕೇಳಿದೊಡನೆ ಹುಡುಗ ಕ್ಯಾಥೊಲಿಕನೇ ಇರಬೇಕೆಂದು ಊಹಿಸಿ ಕೈಬಿಟ್ಟನಂತೆ. ಸೆಲ್ಟಿಕ್ ತಂಡ ಅವನನ್ನು 1967ರಲ್ಲಿ ಸೇರಿಸಿಕೊಂಡಿತು. ಅದೇ ವರ್ಷ ಆ ತಂಡ ಲಿಸ್ಬನ್ನಿನಲ್ಲಿ ಇಂಟರ್ ಮಿಲಾನ್ ತಂಡವನ್ನು 2-1ರಿಂದ ಸೋಲಿಸಿ ಯೂರೋಪಿಯನ್ ಕಪ್ ಗೆದ್ದಿತ್ತು. ಬ್ರಿಟನ್ನಿನ ಯಾವ ತಂಡಕ್ಕೂ ಅದುವರೆಗೆ ಆ ಭಾಗ್ಯ ಒದಗಿರಲಿಲ್ಲ. ಹೆಸರನ್ನು ನೋಡಿ ನೂಕಿದವರಿಗೆ ಆದ ನಷ್ಟವನ್ನು ಮುಂದಿನ ಇಪ್ಪತ್ತು ವರ್ಷಗಳು ತೋರಿಸಿಕೊಟ್ಟವು.

ಬಲಬದಿಯ ಬ್ಯಾಕ್ ಆಗಿ ಆಡುತ್ತಿದ್ದ ಮೆಗ್ರೇನನದು ಆತುರವಿಲ್ಲದ ಆಟ. ಎದುರಾಳಿ ಚೆಂಡಿನೊಡನೆ ನುಗ್ಗಿ ಬಂದಾಗ ಮೇಲೆ ಬೀಳದೆ ಕಾದು, ಚೆಂಡು ಕಾಲಿನಿಂದ ಗೇಣು ದೂರ ಸರಿದ ಕ್ಷಣದಲ್ಲಿ ಅದನ್ನು ಕಸಿದುಕೊಳ್ಳುವುದು ಅವನ ಕ್ರಮ. ಕಸಿದ ಚೆಂಡನ್ನು ದೂರಕ್ಕೆ ಒದ್ದು ಕೈತೊಳೆದುಕೊಳ್ಳುವವನೂ ಅಲ್ಲ. ಅಂಚಿನುದ್ದಕ್ಕೂ ಓಡಿ ಅದನ್ನು ಮುಂದಾಳುಗಳಿಗೆ ಮುಟ್ಟಿಸುವನು.

ವಿಧಿ ಅವನನ್ನು ಮತ್ತೆಮತ್ತೆ ಕೆಡವಿತು. 1972ರಲ್ಲಿ ಫಾಲ್ಕರ್ಕ್ ತಂಡದೆದುರು ಆಡುವಾಗ ತಲೆಗೆ ತಲೆ ಬಡಿದು ಕಪಾಲವೇ ಬಿರುಕುಬಿಟ್ಟಿತು. ಚೇತರಿಸಿಕೊಂಡು 1973ರಲ್ಲಿ ರಾಷ್ಟ್ರತಂಡವನ್ನು ಸೇರಿದ. 1974ರ ವಿಶ್ವಕಪ್ಪಿನಲ್ಲಿ ಸ್ಕಾಟ್ಲೆಂಡ್ ಒಂದು ಪಂದ್ಯವನ್ನೂ ಸೋಲದೆ, ಬ್ರೆಜಿಲ್ ತಂಡಕ್ಕೆ ಒಂದು ಗೋಲನ್ನೂ ಬಿಟ್ಟುಕೊಡದೆ, ಗೋಲುಗಳ ಅಂತರದ ಲೆಕ್ಕದಲ್ಲಿ ಹೊರಬಿದ್ದಿತು. ಅಲ್ಲಿ ಬಲಬದಿಯನ್ನು ರೇಂಜರ್ಸ್ ತಂಡದ ಸ್ಯಾಂಡಿ ಜಾರ್ಡೀನ್ ಕಾದರೆ, ಎಡಬದಿಯನ್ನು ಕಾದವನು ಮೆಗ್ರೇನ್. ಆ ದಿನಗಳಲ್ಲಿಯೇ ಅವನಿಗೆ ತೀರದ ದಾಹ, ಮೈ ಇಳಿಯುತ್ತಿತ್ತು. ಊರಿಗೆ ಮರಳಿದ ಮೇಲೆ ಅದು ಮಧುಮೇಹವೆಂದು ತಿಳಿಯಿತು. ಆಗ ಅವನಿಗೆ ಇಪ್ಪತ್ತನಾಲ್ಕು ವರ್ಷ. ಅಂದಿನಿಂದ ದಿನವೂ ಇನ್ಸುಲಿನ್ ಚುಚ್ಚಿಕೊಂಡೇ ಆಡಿದ. ಊಟದ ಹೊತ್ತು ತಪ್ಪಿದರೆ ಎಂಥ ಸಂಕಟವೆಂಬುದು ಆ ಕಾಯಿಲೆಯುಳ್ಳ ಮನೆಗಳವರಿಗೆ ಗೊತ್ತು. ತೊಂಬತ್ತು ನಿಮಿಷ ಓಡುವವನ ಪಾಡನ್ನು ಅವರೇ ಊಹಿಸಿಕೊಳ್ಳಲಿ.

ಅವನ ಕಲೆಗೆ ಒಂದೇ ನಿದರ್ಶನ ಸಾಕು. 1976ರ ಮೇ 15ರಂದು ಗ್ಲಾಸ್ಗೋದ ಹ್ಯಾಂಪ್ಡನ್ ಪಾರ್ಕಿನಲ್ಲಿ ಸ್ಕಾಟ್ಲೆಂಡ್ ತಂಡವು ಇಂಗ್ಲೆಂಡ್ ಎದುರು 2-1ರಿಂದ ಮುಂದಿತ್ತು. ಆಟ ಮುಗಿಯುವ ಹೊತ್ತಿಗೆ ಇಂಗ್ಲೆಂಡಿನ ಮಿಕ್ ಚಾನನ್ ಗೋಲಿನ ಸಮೀಪಕ್ಕೆ ನುಗ್ಗಿದ. ಅಲ್ಲಿ ಕಾಲು ಕೂದಲೆಳೆಯಷ್ಟು ತಪ್ಪಿ ಎದುರಾಳಿಗೆ ತಗುಲಿದರೂ ಪೆನಾಲ್ಟಿ. ಮೆಗ್ರೇನ್ ಧುಮುಕಿ ಚೆಂಡನ್ನು ಮಾತ್ರ ಮುಟ್ಟಿದ. ಗೆಲುವಿನ ಗೋಲು ಕೆನ್ನಿ ಡಾಲ್ಗ್ಲಿಷನದು. ಆ ಗೆಲುವನ್ನು ಉಳಿಸಿದ್ದು ಈ ಮುಟ್ಟುವಿಕೆ.

ಮರುವರ್ಷ ಡಾಲ್ಗ್ಲಿಷ್ ಲಿವರ್‌ಪೂಲ್ ಸೇರಿದ ಮೇಲೆ ಸೆಲ್ಟಿಕ್ ತಂಡದ ನಾಯಕತ್ವ ಮೆಗ್ರೇನನ ಪಾಲಿಗೆ ಬಂತು. ಆದರೆ ಆ ಅಕ್ಟೋಬರಿನಲ್ಲಿಯೇ ಪಾದಕ್ಕೆ ಪೆಟ್ಟಾಗಿ ವರ್ಷಕ್ಕೂ ಮಿಕ್ಕು ಆಟ ತಪ್ಪಿತು. 1978ರ ವಿಶ್ವಕಪ್ ಅವನಿಲ್ಲದೆಯೇ ನಡೆದುಹೋಯಿತು. 1979ರಲ್ಲಿ ಮರಳಿ ಬಂದ. ಆ ಮೇ 21ರಂದು, ಒಬ್ಬ ಆಟಗಾರನನ್ನು ಹೊರಗೆ ಕಳಿಸಲ್ಪಟ್ಟು ಹತ್ತೇ ಮಂದಿಯಾಗಿ ಉಳಿದ ಸೆಲ್ಟಿಕ್, ಅವನ ನಾಯಕತ್ವದಲ್ಲಿ ರೇಂಜರ್ಸ್ ತಂಡವನ್ನು 4-2ರಿಂದ ಸೋಲಿಸಿ ಲೀಗ್ ಪ್ರಶಸ್ತಿಯನ್ನು ಪಡೆಯಿತು. 1982ರ ವಿಶ್ವಕಪ್ಪಿನಲ್ಲಿ ಅವನು ಸ್ಕಾಟ್ಲೆಂಡಿನ ನಾಯಕ. ದೇಶಕ್ಕಾಗಿ ಆಡಿದ ಪಂದ್ಯಗಳು ಒಟ್ಟು 62. 1987ರಲ್ಲಿ ಸೆಲ್ಟಿಕ್ ತಂಡವನ್ನು ಬಿಡುವಾಗ ಅದಕ್ಕಾಗಿ ಆಡಿದ್ದವು 650ಕ್ಕೂ ಹೆಚ್ಚು. ಹೊಡೆದ ಗೋಲುಗಳೋ, ಬೆರಳೆಣಿಕೆಯಷ್ಟು!

ತರಗತಿಯಲ್ಲಿ ರಸಗಳ ಪಾಠ ಹೇಳುವಾಗ, ವೀರಕ್ಕೆ ಸ್ಥಾಯೀಭಾವ ಕ್ರೋಧವಲ್ಲ, ಉತ್ಸಾಹ ಎಂದು ನಾನು ಬಿಡಿಸಿ ಹೇಳಬೇಕಾಗುತ್ತದೆ. ಕ್ರೋಧ ರೌದ್ರಕ್ಕೆ ಸೇರಿದ್ದು, ಉರಿದು ಆರುವಂಥದು. ಉತ್ಸಾಹವಾದರೋ ಬಿದ್ದವನನ್ನು ಮರುದಿನ ಮತ್ತೆ ಅಭ್ಯಾಸಕ್ಕೆ ಎಬ್ಬಿಸುವ ಶಕ್ತಿ. ಒಡೆದ ಕಪಾಲ, ಮಾಗದ ಪಾದ, ಬಿಡದ ಕಾಯಿಲೆ, ಇವುಗಳ ನಡುವೆ ಮೆಗ್ರೇನನನ್ನು ಬಾರಿಬಾರಿಗೂ ಅಂಗಳಕ್ಕೆ ಇಳಿಸಿದ್ದು ಇದೇ ಎಂದು ನನಗೆ ತೋರುತ್ತದೆ.

ಆಟ ಬಿಟ್ಟ ಮೇಲೆ, 1990ರ ದಶಕದ ಮೊದಲ ವರ್ಷಗಳಲ್ಲಿ, ಆರ್‌ಬ್ರೋತ್ ಎಂಬ ಕಡಲತಡಿಯ ಊರಿನ ಸಣ್ಣ ತಂಡಕ್ಕೆ ಅವನು ಮ್ಯಾನೇಜರ್ ಆದ. ಮೆಗ್ರೇನನದು ಹುಲುಸಾದ ಗಡ್ಡ. ಅಲ್ಲಿನ ಅಭಿಮಾನಿಗಳು ಕೃತಕ ಗಡ್ಡಗಳನ್ನು ಕಟ್ಟಿಕೊಂಡು, ತಮ್ಮನ್ನು ಮೆಗ್ರೇನನ ಗಡ್ಡದ ಪಡೆಯೆಂದು ಕರೆದುಕೊಂಡು ಪಂದ್ಯಗಳಿಗೆ ಬರತೊಡಗಿದರು. ತಡೆದವನ ಕೀರ್ತಿಯನ್ನು ಎಣಿಸಿ ಹೇಳಲು ಅಂಕಿಗಳು ಸಾಲವು. ಆ ಸಣ್ಣ ಊರಿನ ಜನ ಅದನ್ನು ತಮ್ಮ ಮುಖದ ಮೇಲೆಯೇ ಧರಿಸಿಕೊಂಡರು.