ಮಲಗಿದ ಲ್ಯಾಪ್‌ಟಾಪ್ ಏಳುವುದೇ? ಪರೀಕ್ಷಿಸಿ ನೋಡಿ

ಲ್ಯಾಪ್‌ಟಾಪಿನ ಮುಚ್ಚಳ ಮುಚ್ಚಿದರೆ ಅದು ನಿದ್ರೆಗೆ ಜಾರುತ್ತದೆ, ತೆರೆದರೆ ಎಚ್ಚರಗೊಳ್ಳುತ್ತದೆ. ದಿನಕ್ಕೆ ನಾಲ್ಕು ಬಾರಿ ನೀವು ಹೀಗೆ ಮಾಡಿದರೂ ವರ್ಷಕ್ಕೆ 1,460 ಬಾರಿ ಆಯಿತು. ಅಷ್ಟರಲ್ಲಿ ಒಂದು ಸಲ ಅದು ಏಳದೆ ಹೋದರೆ? ಉಳಿಸದೆ ಬಿಟ್ಟಿದ್ದ ಪ್ರಾಜೆಕ್ಟ್ ವರದಿ ಕೈಬಿಟ್ಟು ಹೋಯಿತು. ಇನ್ನೊಂದು ಸಲ ಅದು ಮಲಗದೆಯೇ ಇದ್ದರೆ? ಇದು ಮೇಲುನೋಟಕ್ಕೆ ಸಣ್ಣ ವಿಷಯ, ಆದರೆ ಪರಿಣಾಮ ಸಣ್ಣದಲ್ಲ.

ಗಿಣಿಗೇರಾದಿಂದ ಕೊಪ್ಪಳಕ್ಕೋ ಹೊಸಪೇಟೆಗೋ ಬೇಸಿಗೆಯಲ್ಲಿ ಬಸ್ಸಿನಲ್ಲಿ ಹೋಗುವ ವಿದ್ಯಾರ್ಥಿಯ ಚೀಲವನ್ನು ಕಲ್ಪಿಸಿಕೊಳ್ಳಿ. ಒಳಗಿರುವ ಲ್ಯಾಪ್‌ಟಾಪ್ ಮಲಗಿಲ್ಲ, 10 ವ್ಯಾಟ್ ಬಳಸುತ್ತಾ ಎಚ್ಚರವಾಗಿಯೇ ಇದೆ ಎನ್ನೋಣ. ಒಂದು ಗಂಟೆಗೆ 3,600 ಸೆಕೆಂಡು, ಅಂದರೆ 36,000 ಜೂಲ್ ಶಾಖ. ಯಂತ್ರದ ರಾಶಿ 1.5 ಕಿಲೋಗ್ರಾಂ ಇರಲಿ, ಅದರ ವಿಶಿಷ್ಟೋಷ್ಣವನ್ನು ಸರಿಸುಮಾರು ಅಲ್ಯೂಮಿನಿಯಂನಷ್ಟೇ, ಕಿಲೋಗ್ರಾಂಗೆ ಡಿಗ್ರಿಯೊಂದಕ್ಕೆ 900 ಜೂಲ್ ಎಂದು ಹಿಡಿಯೋಣ. ಶಾಖ ಹೊರಹೋಗದಿದ್ದರೆ ಉಷ್ಣತೆ 27 ಡಿಗ್ರಿಯಷ್ಟು ಏರುತ್ತದೆ. ಹೊರಗೆ 38 ಡಿಗ್ರಿ ಇದ್ದರೆ ಒಳಗೆ 65! ಚೀಲದ ಬಟ್ಟೆಯ ಮೂಲಕ ಸ್ವಲ್ಪ ಶಾಖ ಸೋರುವುದರಿಂದ ನಿಜದಲ್ಲಿ ಅಷ್ಟು ಏರದು. ಆದರೂ ಲಿಥಿಯಂ ಅಯಾನು ಬ್ಯಾಟರಿಗೆ ಬಿಸಿಯಷ್ಟು ದೊಡ್ಡ ಶತ್ರು ಇನ್ನೊಂದಿಲ್ಲ. ಹತ್ತನೆಯ ತರಗತಿಯ ಮಕ್ಕಳೂ ಮಾಡಬಹುದಾದ ಲೆಕ್ಕವಿದು.

ಹಾಗಾದರೆ ನಿದ್ರೆ ಎಂದರೇನು? ಗಣಕದ ತಾತ್ಕಾಲಿಕ ಸ್ಮೃತಿಯಲ್ಲಿ, ಅಂದರೆ ರ‍್ಯಾಮ್‌ನಲ್ಲಿ, ಪ್ರತಿಯೊಂದು ಬಿಟ್ ಅತಿ ಸಣ್ಣ ಧಾರಕವೊಂದರಲ್ಲಿ ಆವೇಶವಾಗಿ ಕುಳಿತಿರುತ್ತದೆ. ಈ ಧಾರಕಗಳು ಸೋರುವ ಕೊಡಗಳು. ಸಾಮಾನ್ಯ ಉಷ್ಣತೆಯಲ್ಲಿ 64 ಮಿಲಿಸೆಕೆಂಡಿನೊಳಗೆ ಪ್ರತಿಯೊಂದನ್ನೂ ಓದಿ ಮತ್ತೆ ತುಂಬಬೇಕು, ಇಲ್ಲವಾದರೆ ಮಾಹಿತಿ ಅಳಿಸಿಹೋಗುತ್ತದೆ. ಚಿಪ್ಪಿನ ಉಷ್ಣತೆ 85 ಡಿಗ್ರಿ ದಾಟಿದರೆ ಈ ಅವಧಿ ಅರ್ಧಕ್ಕಿಳಿಯುತ್ತದೆ. ನಿದ್ರೆಯಲ್ಲಿ ಸಂಸ್ಕಾರಕ, ತೆರೆ, ಫ್ಯಾನು ಎಲ್ಲವೂ ಆರಿದ್ದರೂ ಈ ತುಂಬುವ ಕೆಲಸ ಮಾತ್ರ ನಿಲ್ಲದು. ಸ್ಮೃತಿಯ ಚಿಪ್ಪುಗಳೇ ತಮ್ಮೊಳಗೆ ಅದನ್ನು ನಡೆಸಿಕೊಳ್ಳುತ್ತವೆ. ಜೊತೆಗೆ ಗಡಿಯಾರದ ಹರಳು ಸೆಕೆಂಡಿಗೆ 32,768 ಸಲ ಕಂಪಿಸುತ್ತಿರುತ್ತದೆ. ಈ ವಿಚಿತ್ರ ಸಂಖ್ಯೆ ಏಕೆ ಎಂದು ವಿದ್ಯಾರ್ಥಿಗಳನ್ನು ಕೇಳಿ. ಎರಡರಿಂದ ಹದಿನೈದು ಬಾರಿ ಭಾಗಿಸಿದರೆ ಸರಿಯಾಗಿ ಒಂದು ಉಳಿಯುತ್ತದೆ, ಅದೇ ಸೆಕೆಂಡಿನ ಬಡಿತ.

ಈ ಸ್ಥಿತಿಗೆ ಎಸ್-3 ಎಂಬ ಹೆಸರು ಬಂದದ್ದು ಎಸಿಪಿಐ ಎಂಬ ಮಾನದಂಡದಿಂದ. ಇಂಟೆಲ್, ಮೈಕ್ರೋಸಾಫ್ಟ್ ಮತ್ತು ತೋಷಿಬಾ ಕಂಪನಿಗಳು ಸೇರಿ 1996ರ ಡಿಸೆಂಬರಿನಲ್ಲಿ ಅದನ್ನು ಪ್ರಕಟಿಸಿದವು. ಇತ್ತೀಚಿನ ಅನೇಕ ಯಂತ್ರಗಳಲ್ಲಿ ಎಸ್-3 ಇಲ್ಲವೇ ಇಲ್ಲ. ಅದರ ಬದಲು 2015ರಲ್ಲಿ ವಿಂಡೋಸ್ 10ರ ಜೊತೆ ಬಂದ ‘ಮಾಡರ್ನ್ ಸ್ಟ್ಯಾಂಡ್‌ಬೈ’ ಇದೆ. ಇಲ್ಲಿ ಯಂತ್ರ ಪೂರ್ತಿ ಮಲಗುವುದಿಲ್ಲ. ಮೊಬೈಲಿನಂತೆ ತೆರೆಯನ್ನು ಆರಿಸಿ, ಸಂಸ್ಕಾರಕವನ್ನು ಆಳವಾದ ವಿರಾಮಕ್ಕೆ ಇಳಿಸಿ, ಆಗಾಗ ಎದ್ದು ಜಾಲದ ಸಂದೇಶಗಳನ್ನು ನೋಡಿ ಮತ್ತೆ ಒರಗುತ್ತದೆ. ನಿದ್ದೆ ಮಾಡುವವರನ್ನು ಎಬ್ಬಿಸಬಹುದು, ನಿದ್ದೆ ಮಾಡುವಂತೆ ನಟಿಸುವವರನ್ನು ಎಬ್ಬಿಸಲಾಗದು ಎಂಬ ಮಾತಿದೆ. ಈ ಹೊಸ ನಿದ್ರೆಯಲ್ಲಿ ತೊಂದರೆ ತಿರುಗುಮುರುಗು. ಬೇಗ ಏಳುತ್ತದೆ ನಿಜ, ಆದರೆ ಒಂದೇ ಒಂದು ಹಟಮಾರಿ ತಂತ್ರಾಂಶ ವಿರಾಮಕ್ಕೆ ಒಪ್ಪದಿದ್ದರೆ ರಾತ್ರಿಯೆಲ್ಲಾ ಬ್ಯಾಟರಿ ಸುರಿದುಹೋಗುತ್ತದೆ. ನನ್ನನ್ನು ಕೇಳಿದರೆ, ಚೀಲದಲ್ಲಿ ಹೊತ್ತು ತಿರುಗುವ ಯಂತ್ರಕ್ಕೆ ಹಳೆಯ ಎಸ್-3 ಹೆಚ್ಚು ಯೋಗ್ಯವಾಗಿತ್ತು.

ಮಲಗಿಸುವುದು, ಎಬ್ಬಿಸುವುದು ಎಷ್ಟು ಸೂಕ್ಷ್ಮ ಎಂಬುದಕ್ಕೆ ಕರ್ನಾಟಕದವರೆಲ್ಲ ಉಸಿರು ಬಿಗಿಹಿಡಿದು ನೋಡಿದ ಉದಾಹರಣೆಯೊಂದಿದೆ. ಚಂದ್ರಯಾನ-3ರ ವಿಕ್ರಮ್ 2023ರ ಆಗಸ್ಟ್ 23ರಂದು ಚಂದ್ರನ ಮೇಲೆ ಇಳಿಯಿತು. ಒಂದು ಚಾಂದ್ರ ಹಗಲು, ಅಂದರೆ ನಮ್ಮ ಸುಮಾರು 14 ದಿನ ದುಡಿಯುವುದಷ್ಟೇ ಅದರ ಹೊಣೆ. ಕತ್ತಲಾಗುವ ಮುನ್ನ, ಸೆಪ್ಟೆಂಬರ್ 2ರಂದು ಪ್ರಜ್ಞಾನ್ ಬಂಡಿಯನ್ನೂ 4ರ ಬೆಳಿಗ್ಗೆ ಎಂಟರ ಹೊತ್ತಿಗೆ ವಿಕ್ರಮ್ ಅನ್ನೂ ಬೆಂಗಳೂರಿನ ನಿಯಂತ್ರಣ ಕೇಂದ್ರದಿಂದ ಮಲಗಿಸಲಾಯಿತು. ಉಪಕರಣಗಳನ್ನು ಆರಿಸಿ, ರಿಸೀವರುಗಳನ್ನು ಮಾತ್ರ ಚಾಲೂ ಇಡಲಾಗಿತ್ತು. ಪ್ರಜ್ಞಾನ್‌ನ ಬ್ಯಾಟರಿ ತುಂಬಿತ್ತು, ಅದರ ಸೌರಫಲಕ ಮುಂದಿನ ಸೂರ್ಯೋದಯದ ಕಡೆಗೆ ಮುಖಮಾಡಿತ್ತು. ಸೆಪ್ಟೆಂಬರ್ 22ರಂದು ಕರೆದು ನೋಡಿದಾಗ ಯಾವ ಉತ್ತರವೂ ಬರಲಿಲ್ಲ. ಆ ಕೊರೆಯುವ ರಾತ್ರಿಯನ್ನು ತಾಳುವಂತೆ ಅವನ್ನು ವಿನ್ಯಾಸಗೊಳಿಸಿರಲಿಲ್ಲ, ಎದ್ದರೆ ಲಾಭ ಎಂಬ ಲೆಕ್ಕವಷ್ಟೇ ಇತ್ತು. ಹಾಗೆಯೇ ರಾತ್ರಿಗೆಂದು ತಯಾರಾಗದ ಜಪಾನಿನ ‘ಸ್ಲಿಮ್’ ನೌಕೆ 2024ರಲ್ಲಿ ಒಂದಲ್ಲ, ಮೂರು ಚಾಂದ್ರ ರಾತ್ರಿಗಳನ್ನು ದಾಟಿ ಎದ್ದು ಮಾತಾಡಿತು!

ಒಂದು ಏಳಲಿಲ್ಲ, ಒಂದು ಎದ್ದಿತು. ಇದರಿಂದ ಚಂದ್ರನ ಮೇಲಿನ ನಿದ್ರೆಯ ವಿಶ್ವಾಸಾರ್ಹತೆ ಇಷ್ಟು ಎಂದು ಹೇಳಬಹುದೇ? ಖಂಡಿತ ಇಲ್ಲ. ಅದೇ ನೌಕೆಯನ್ನು ಅದೇ ಜಾಗದಲ್ಲಿ ನೂರು ಸಲ ಮಲಗಿಸಿ ನೋಡುವ ಅವಕಾಶ ಯಾರಿಗೂ ಇಲ್ಲ. ನಿಮ್ಮ ಮೇಜಿನ ಮೇಲಿನ ಲ್ಯಾಪ್‌ಟಾಪಿನ ವಿಷಯದಲ್ಲಿ ಆ ಅವಕಾಶವಿದೆ, ಅದೂ ಖರ್ಚಿಲ್ಲದೆ.

ಎಷ್ಟು ಸಲ ಪರೀಕ್ಷಿಸಬೇಕು? ಬಹಳ ಮಂದಿ ಹತ್ತು ಸಲ ಮುಚ್ಚಿ ತೆರೆದು, ಎದ್ದಿತು ಎಂದು ತೃಪ್ತರಾಗುತ್ತಾರೆ. ನಿಮ್ಮ ಯಂತ್ರ ಐವತ್ತರಲ್ಲಿ ಒಂದು ಸಲ ಕೈಕೊಡುವ ಕೆಟ್ಟ ಯಂತ್ರವೇ ಆಗಿದೆ ಎಂದಿಟ್ಟುಕೊಳ್ಳಿ. ಒಂದು ಸಲ ಗೆಲ್ಲುವ ಸಂಭವನೀಯತೆ 0.98. ಹತ್ತೂ ಸಲ ಗೆಲ್ಲುವ ಸಂಭವನೀಯತೆ 0.98ರ ಹತ್ತನೆಯ ಘಾತ, ಅಂದರೆ 0.82. ಕೆಟ್ಟ ಯಂತ್ರವೂ ನೂರಕ್ಕೆ 82 ಸಲ ನಿಮ್ಮ ಪರೀಕ್ಷೆಯಲ್ಲಿ ಪಾಸಾಗುತ್ತದೆ! ಅದೇ 150 ಸಲ ಪರೀಕ್ಷಿಸಿದರೆ ಒಂದೂ ತಪ್ಪದೆ ಪಾಸಾಗುವ ಸಂಭವನೀಯತೆ 0.05ಕ್ಕೆ ಇಳಿಯುತ್ತದೆ.

ಇದನ್ನೇ ಸಾಮಾನ್ಯೀಕರಿಸೋಣ. ವಿಫಲವಾಗುವ ಸಂಭವನೀಯತೆ ಪಿ, ಪರೀಕ್ಷೆಗಳ ಸಂಖ್ಯೆ ಎನ್ ಆಗಿರಲಿ. ಒಂದೂ ವಿಫಲವಾಗದಿರುವ ಸಂಭವನೀಯತೆ (1 − ಪಿ)ಯ ಎನ್-ನೆಯ ಘಾತ. ಇದನ್ನು 0.05ಕ್ಕೆ ಸಮೀಕರಿಸಿ ಎರಡೂ ಕಡೆ ಸ್ವಾಭಾವಿಕ ಲಾಗರಿತಮ್ ತೆಗೆದುಕೊಳ್ಳಿ. ಪಿ ಚಿಕ್ಕದಾದಾಗ ಎಡಭಾಗ −ಎನ್ × ಪಿ ಆಗುತ್ತದೆ, ಬಲಭಾಗ −2.996. ಆದ್ದರಿಂದ ಪಿ ಎಂದರೆ ಸುಮಾರು 3 ÷ ಎನ್. ಸಂಖ್ಯಾಶಾಸ್ತ್ರದವರು ಇದಕ್ಕೆ ಮೂರರ ನಿಯಮ ಎನ್ನುತ್ತಾರೆ. ನೂರು ಸಲ ಎಡವದೆ ಎದ್ದರೆ, ಸೋಲಿನ ಪ್ರಮಾಣ ಶೇಕಡ 3ಕ್ಕಿಂತ ಕಡಿಮೆ ಎಂದು 95ರಷ್ಟು ಭರವಸೆಯಿಂದ ಹೇಳಬಹುದು. ಮುನ್ನೂರು ಸಲ ಎದ್ದರೆ ಶೇಕಡ 1, ಸಾವಿರ ಸಲ ಎದ್ದರೆ ಶೇಕಡ 0.3. ಈ ಕೊನೆಯ ಅಂಕಿಯನ್ನು ಮೊದಲು ಹೇಳಿದ 1,460ರಿಂದ ಗುಣಿಸಿ ನೋಡಿ. ಸಾವಿರ ಪರೀಕ್ಷೆ ಗೆದ್ದ ಯಂತ್ರವೂ ವರ್ಷಕ್ಕೆ ನಾಲ್ಕು ಸಲ ಕೈಕೊಡುವ ಸಾಧ್ಯತೆಯನ್ನು ನೀವಿನ್ನೂ ತಳ್ಳಿಹಾಕಿಲ್ಲ.

ಇನ್ನು 200ರಲ್ಲಿ ಎರಡು ಸಲ ವಿಫಲವಾಯಿತು ಎನ್ನೋಣ. ಕೂಡಲೇ ಶೇಕಡ 1 ಎಂದು ಬರೆದುಬಿಡಬೇಡಿ. ಎರಡು ಎಂಬ ಎಣಿಕೆ ಬಹಳ ಚಿಕ್ಕದು. ವಿಕಿರಣಶೀಲತೆಯ ಪ್ರಯೋಗದಲ್ಲಿ ನೀವು ಬಳಸುವ ಪಾಯಿಸಾನ್ ಹಂಚಿಕೆಯನ್ನೇ ಇಲ್ಲಿ ಅನ್ವಯಿಸಿದರೆ ನಿಜವಾದ ಪ್ರಮಾಣ ಶೇಕಡ 0.1ರಿಂದ 3.6ರವರೆಗೆ ಎಲ್ಲಿಯಾದರೂ ಇರಬಹುದು.

ಸಾವಿರ ಸಲ ಮುಚ್ಚಳ ತೆರೆಯುತ್ತಾ ಕೂರುವವರಾರು? ಯಂತ್ರವೇ ಆ ಕೆಲಸ ಮಾಡಿಕೊಳ್ಳುತ್ತದೆ. ಲಿನಕ್ಸ್‌ನಲ್ಲಿ ಆರ್‌ಟಿಸಿವೇಕ್ ಎಂಬ ಆದೇಶವಿದೆ. ಮೇಲೆ ಹೇಳಿದ ಹರಳಿನ ಗಡಿಯಾರಕ್ಕೆ ಅಲಾರಂ ಇಟ್ಟು ಯಂತ್ರವನ್ನು ಮಲಗಿಸುತ್ತದೆ, ಹೇಳಿದ ಹೊತ್ತಿಗೆ ಅಲಾರಂ ಅದನ್ನು ಎಬ್ಬಿಸುತ್ತದೆ. 20 ಸೆಕೆಂಡು ನಿದ್ರೆ, 20 ಸೆಕೆಂಡು ಎಚ್ಚರ ಎಂದು ನಾಲ್ಕು ಸಾಲಿನ ಸ್ಕ್ರಿಪ್ಟ್ ಬರೆದರೆ ಸಾವಿರ ಸುತ್ತು 40,000 ಸೆಕೆಂಡಿನಲ್ಲಿ, ಅಂದರೆ ಹನ್ನೊಂದು ಗಂಟೆಯ ಒಂದು ರಾತ್ರಿಯಲ್ಲಿ ಮುಗಿಯುತ್ತದೆ. ಮೊದಲು ನಿಮ್ಮ ಕಡತಗಳ ಪ್ರತಿಯನ್ನು ಬೇರೆಡೆ ಇಟ್ಟುಕೊಳ್ಳಿ. ಪ್ರತಿ ಸುತ್ತಿನ ಮುನ್ನ ಮತ್ತು ನಂತರ ಸಮಯವನ್ನು ಕಡತವೊಂದಕ್ಕೆ ಬರೆಸಿ. ಬೆಳಿಗ್ಗೆ ತೆರೆ ಕಪ್ಪಾಗಿ ನಿಂತಿದ್ದರೆ ಎಷ್ಟನೆಯ ಸುತ್ತಿನಲ್ಲಿ ಹೋಯಿತು ಎಂಬುದು ಅಲ್ಲಿಂದ ತಿಳಿಯುತ್ತದೆ.

ಎದ್ದಿತೇ ಎಂದಷ್ಟೇ ನೋಡಿದರೆ ಸಾಲದು. ಎದ್ದ ಮೇಲೆ ವೈಫೈ ಸಿಗುತ್ತದೆಯೇ, ಧ್ವನಿ ಬರುತ್ತದೆಯೇ, ಟಚ್‌ಪ್ಯಾಡ್ ಕೆಲಸ ಮಾಡುತ್ತದೆಯೇ? ಮಲಗುವಾಗ ಕಾರ್ಯವ್ಯವಸ್ಥೆ ಮೊದಲು ತಂತ್ರಾಂಶಗಳನ್ನು ತಡೆದು ನಿಲ್ಲಿಸುತ್ತದೆ, ಬಳಿಕ ಒಂದೊಂದೇ ಸಾಧನವನ್ನು ಆರಿಸುತ್ತದೆ, ಏಳುವಾಗ ಇದೇ ಕ್ರಮ ಹಿಂದುಮುಂದಾಗುತ್ತದೆ. ಬಹುಪಾಲು ತೊಂದರೆಗಳ ಬೇರು ಈ ಸಾಧನಗಳ ಚಾಲಕ ತಂತ್ರಾಂಶದಲ್ಲಿದೆ. ಲಿನಕ್ಸ್‌ನ ಪಿಎಂ-ಟೆಸ್ಟ್ ಎಂಬ ಸೌಲಭ್ಯದಲ್ಲಿ ತಂತ್ರಾಂಶಗಳನ್ನು ನಿಲ್ಲಿಸುವುದಷ್ಟನ್ನೇ ಅಥವಾ ಸಾಧನಗಳನ್ನು ಆರಿಸುವವರೆಗಷ್ಟೇ ಮಾಡಿಸಿ, ಐದು ಸೆಕೆಂಡು ತಡೆದು, ಹಿಂದಕ್ಕೆ ತರಬಹುದು. ಯಾವ ಮೆಟ್ಟಿಲಿನಲ್ಲಿ ಎಡವುತ್ತಿದೆ ಎಂಬುದು ಹೀಗೆ ಪತ್ತೆಯಾಗುತ್ತದೆ. ಸ್ಮೃತಿ ಕೆಡದೆ ಉಳಿದಿದೆಯೇ ಎಂದು ತಿಳಿಯಲು ರ‍್ಯಾಮ್‌ನಲ್ಲೇ ಒಂದು ದೊಡ್ಡ ಕಡತವನ್ನಿಟ್ಟು, ನಿದ್ರೆಯ ಮುನ್ನ ಮತ್ತು ನಂತರ ಅದರ ಹ್ಯಾಶ್ ಸಂಖ್ಯೆಯನ್ನು ಲೆಕ್ಕಹಾಕಿಸಿ ಹೋಲಿಸಿ. ಒಂದು ಬಿಟ್ ಬದಲಾದರೂ ಆ ಸಂಖ್ಯೆ ಪೂರ್ತಿ ಬೇರೆಯಾಗುತ್ತದೆ.

ಸಾವಿರ ಸಲದ ಇಪ್ಪತ್ತು ಸೆಕೆಂಡಿನ ನಿದ್ರೆ ಎಂಟು ಗಂಟೆಯ ನಿದ್ರೆಯ ಬಗ್ಗೆ ಏನನ್ನೂ ಹೇಳುವುದಿಲ್ಲ ಎಂಬುದು ನೆನಪಿರಲಿ. ದೀರ್ಘ ನಿದ್ರೆಗೆ ಬೇರೆ ಅಳತೆ ಬೇಕು, ಅದು ಶಕ್ತಿಯ ಅಳತೆ. 50 ವ್ಯಾಟ್-ಗಂಟೆಯ ಬ್ಯಾಟರಿ ರಾತ್ರಿ ಎಂಟು ಗಂಟೆಯಲ್ಲಿ ಶೇಕಡ 8 ಇಳಿದರೆ 4 ವ್ಯಾಟ್-ಗಂಟೆ ಖರ್ಚಾಗಿದೆ, ಸರಾಸರಿ ಅರ್ಧ ವ್ಯಾಟ್. ಇದು ಒಳ್ಳೆಯ ನಿದ್ರೆ, ತುಂಬಿದ ಬ್ಯಾಟರಿ ನಾಲ್ಕು ದಿನ ಬಾಳುತ್ತದೆ. ಬೆಳಗಾಗುವಷ್ಟರಲ್ಲಿ ಶೇಕಡ 80 ಇಳಿದಿದ್ದರೆ ಸರಾಸರಿ 5 ವ್ಯಾಟ್, ಅದು ಮಲಗಿಯೇ ಇಲ್ಲ. ಒಂದೇ ಗಂಟೆ ಮಲಗಿಸಿ ಅಳೆಯಬಾರದೇ ಎಂದು ಕೇಳುವ ವಿದ್ಯಾರ್ಥಿಗೆ ದೋಷದ ಲೆಕ್ಕ ಮಾಡಲು ಹೇಳಿ. ತೆರೆಯ ಮೇಲಿನ ಶೇಕಡಾವಾರು ಅಂಕಿ ಪೂರ್ಣಾಂಕ. ಎರಡು ಅಂಕಿಗಳ ವ್ಯತ್ಯಾಸದಲ್ಲಿ ಶೇಕಡ 1ರವರೆಗೆ ದೋಷವಿರಬಹುದು, ಅದು ಅರ್ಧ ವ್ಯಾಟ್-ಗಂಟೆ. ಒಂದು ಗಂಟೆಯ ಅಳತೆಯಲ್ಲಿ ದೋಷವೇ ಅರ್ಧ ವ್ಯಾಟ್, ಅಂದರೆ ಅಳೆಯಬೇಕಾದ ಪರಿಮಾಣದಷ್ಟೇ! ಎಂಟು ಗಂಟೆಯಾದರೆ ಅದು 0.06 ವ್ಯಾಟಿಗೆ ಇಳಿಯುತ್ತದೆ. ವಿಂಡೋಸ್ ಬಳಸುವವರಿಗೆ ಪವರ್‌ಸಿಎಫ್‌ಜಿ ಎಂಬ ಆದೇಶವಿದೆ. ಅದರ ಮುಂದೆ ಓರೆಗೆರೆ ಹಾಕಿ ‘ಎ’ ಅಕ್ಷರ ಬರೆದರೆ ನಿಮ್ಮ ಯಂತ್ರಕ್ಕೆ ಯಾವ ಬಗೆಯ ನಿದ್ರೆ ಗೊತ್ತು ಎಂದು ತೋರಿಸುತ್ತದೆ. ‘ಸ್ಲೀಪ್‌ಸ್ಟಡಿ’ ಎಂದು ಬರೆದರೆ, ಮಾಡರ್ನ್ ಸ್ಟ್ಯಾಂಡ್‌ಬೈ ಇರುವ ಯಂತ್ರಗಳಲ್ಲಿ ನಿದ್ರೆ ಕೆಡಿಸಿದ್ದು ಯಾರು ಎಂಬ ವರದಿಯೇ ಸಿಗುತ್ತದೆ.

ಮುಚ್ಚಳದ ಕಥೆ ಭೌತಶಾಸ್ತ್ರದ ಅಧ್ಯಾಪಕರಿಗೆ ವಿಶೇಷ ಪ್ರಿಯವಾದೀತು. ಅನೇಕ ಯಂತ್ರಗಳಲ್ಲಿ ತೆರೆಯ ಅಂಚಿನಲ್ಲಿ ಪುಟ್ಟ ಅಯಸ್ಕಾಂತವೂ ಕೆಳಭಾಗದಲ್ಲಿ ಹಾಲ್ ಸಂವೇದಕವೂ ಇರುತ್ತವೆ. ಎಡ್ವಿನ್ ಹಾಲ್ 1879ರಲ್ಲಿ ಕಂಡುಹಿಡಿದ ಪರಿಣಾಮ ಇಂದು ಮುಚ್ಚಳ ಮುಚ್ಚಿದ್ದನ್ನು ತಿಳಿಸುವ ಕೆಲಸ ಮಾಡುತ್ತಿದೆ. ಮುಚ್ಚಳ ತೆರೆದಿರುವಾಗಲೇ ಚಿಕ್ಕ ಅಯಸ್ಕಾಂತವೊಂದನ್ನು ಕೀಲಿಮಣೆಯ ಅಂಚಿನ ಮೇಲೆ ನಿಧಾನವಾಗಿ ಸರಿಸಿದರೆ ಒಂದು ಜಾಗದಲ್ಲಿ ಯಂತ್ರ ತಟ್ಟನೆ ಮಲಗುತ್ತದೆ. ತಿರುಗುವ ಹಾರ್ಡ್ ಡಿಸ್ಕ್ ಇರುವ ಹಳೆಯ ಯಂತ್ರದ ಮೇಲೆ ಈ ಆಟ ಬೇಡ. ಕೆಲಸದ ನಡುವೆ ಕಾರಣವಿಲ್ಲದೆ ಮಲಗುವ ಲ್ಯಾಪ್‌ಟಾಪಿನ ಪಕ್ಕದಲ್ಲಿ ಅಯಸ್ಕಾಂತದ ಗುಂಡಿಯಿರುವ ಮೊಬೈಲ್ ಕವಚ ಇದೆಯೇ ಎಂದೂ ನೋಡಿ.

ನಮ್ಮ ಕಡೆಯವರು ತಪ್ಪದೆ ಮಾಡಬೇಕಾದ ಪರೀಕ್ಷೆ ಕರೆಂಟು ಹೋಗುವುದರದ್ದು. ಚಾರ್ಜರ್ ಹಾಕಿ ಮಲಗಿಸಿ, ಬಳಿಕ ಗೋಡೆಯ ಸ್ವಿಚ್ ಆರಿಸಿ, ಹತ್ತು ನಿಮಿಷ ಬಿಟ್ಟು ಮತ್ತೆ ಹಾಕಿ. ಕೆಲವು ಯಂತ್ರಗಳು ಈ ಬದಲಾವಣೆಗೇ ಎದ್ದು ಕುಳಿತುಬಿಡುತ್ತವೆ. ಅದಾದ ಮೇಲೆ ಬ್ಯಾಟರಿಯನ್ನು ಶೇಕಡ 10ಕ್ಕೆ ಇಳಿಸಿ, ಬೇಡದ ಒಂದು ಕಡತವನ್ನು ಉಳಿಸದೆ ತೆರೆದಿಟ್ಟು, ಚಾರ್ಜರ್ ಇಲ್ಲದೆ ಎರಡು ದಿನ ಮಲಗಿಸಿಡಿ. ಹೈಬರ್ನೇಟ್ ವ್ಯವಸ್ಥೆ ಸರಿಯಿದ್ದರೆ ಯಂತ್ರವು ಸ್ಮೃತಿಯಲ್ಲಿರುವುದನ್ನೆಲ್ಲ ಡಿಸ್ಕಿಗೆ ಬರೆದು ಪೂರ್ತಿ ಆರಿರಬೇಕು, ಚಾರ್ಜರ್ ಹಾಕಿ ಗುಂಡಿ ಒತ್ತಿದಾಗ ಆ ಕಡತ ಇದ್ದಂತೆಯೇ ತೆರೆದುಕೊಳ್ಳಬೇಕು. ತೆರೆದುಕೊಳ್ಳದಿದ್ದರೆ, ಆ ಯಂತ್ರದ ವ್ಯವಸ್ಥೆಯಲ್ಲಿ ಮುಚ್ಚಳ ಮುಚ್ಚಿದಾಗ ನಿದ್ರೆಯ ಬದಲು ಶಟ್‌ಡೌನ್ ಆಗುವಂತೆ ಇಂದೇ ಬದಲಾಯಿಸಿ. ಆಗಲೂ ಮುಚ್ಚುವ ಮೊದಲು ಕಡತವನ್ನು ಉಳಿಸುವ ಕೆಲಸ ನಿಮ್ಮದೇ.